ಒಪ್ಪಂದದ ಕಾಗದ ನಾಲ್ಕೇ ದಿನಕ್ಕೆ ಬೇರೆಯವರ ಮೊಬೈಲಲ್ಲಿ: ರಫ್ತು ಅರ್ಜಿಯ ಗುಟ್ಟು ಕಾಯೋರು ಯಾರು?

ಬಿಳಿಹೂವು, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಯಾರನ್ನೋ ಬೈಯೋಕೆ ಬರೀತಾ ಇಲ್ಲ, ತಲೆ ಕೆಟ್ಟಿದೆ ಅಂತ ಬರೀತಾ ಇದೀನಿ.

ನಮ್ಮದು ದೊಡ್ಡ ಎಕ್ಸ್‌ಪೋರ್ಟ್ ಏನಲ್ಲ. ನಮ್ಮ ತೋಟದ ಕಾಫಿ, ಅಕ್ಕಪಕ್ಕದ ಆರೇಳು ಮನೆಯವರದ್ದು ಸೇರಿಸಿ ವರ್ಷಕ್ಕೆ ಒಂದು ಕಂಟೇನರ್, ಬೆಳೆ ಚೆನ್ನಾಗಿದ್ದರೆ ಎರಡು. 60 ಕೆಜಿಯ 320 ಮೂಟೆ ಹೋದರೆ ನಮ್ಮ ವರ್ಷ ಮುಗೀತು. ಇಟಲಿಯಲ್ಲಿ ಒಬ್ಬ ರೋಸ್ಟರ್ ಇದ್ದಾನೆ, ಕಾಫಿ ಬೀಜ ಕೊಂಡು ಹುರಿದು ಮಾರೋನು. ಅವನನ್ನು ಹಿಡಿಯೋಕೆ ಮೂರು ವರ್ಷ ಬೇಕಾಯ್ತು. ಸ್ಯಾಂಪಲ್ ಕಳಿಸೋದು, ಅವನು ಸುಮ್ಮನಿರೋದು, ಮತ್ತೆ ಕಳಿಸೋದು.

ಈ ಸಲ ಸೋಮವಾರ ರಫ್ತು ಪರ್ಮಿಟ್ಟಿನ ಅರ್ಜಿಗೆ ಎಲ್ಲ ಕಾಗದ ಹಾಕಿದೆ. ಶುಕ್ರವಾರ ಸಂಜೆ ಕಾಫಿ ವ್ಯಾಪಾರದ ಒಬ್ಬರು ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿದಷ್ಟೇ ಸಲೀಸಾಗಿ, 'ಏನಮ್ಮಾ, ಇಟಲಿಯವನಿಗೆ ನ್ಯೂಯಾರ್ಕ್ ಮೇಲೆ ಅಷ್ಟೇ ಪ್ಲಸ್ ತಗೊಂಡ್ಯಾ' ಅಂದರು. ನ್ಯೂಯಾರ್ಕ್ ಮಾರುಕಟ್ಟೆ ದರದ ಮೇಲೆ ಎಷ್ಟು ಜಾಸ್ತಿ ಅನ್ನೋ ಆ ಸಂಖ್ಯೆ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಭಾನುವಾರ ರೋಸ್ಟರ್ ಮೇಲ್ ಹಾಕಿದ: ನಿಮ್ಮ ಊರಿನಿಂದಲೇ ಇನ್ನೊಬ್ಬರು ಪೌಂಡಿಗೆ ಎಂಟು ಸೆಂಟ್ ಕಮ್ಮಿಗೆ ಕೊಡ್ತೀವಿ ಅಂತಿದ್ದಾರೆ, ಏನು ವಿಷಯ?

ಇವತ್ತು ನನ್ನ ಒಪ್ಪಂದದ ಪುಟದ ಫೋಟೋ ಮೂರು ಮೊಬೈಲ್ ಸುತ್ತಿ ನನ್ನ ಮೊಬೈಲಿಗೇ ಬಂತು. ಆ ಪುಟ ಕಚೇರಿಗೂ ಹೋಗಿದೆ, ಬ್ಯಾಂಕಿಗೂ ಹೋಗಿದೆ, ಏಜೆಂಟರಿಗೂ ಹೋಗಿದೆ. ಯಾರ ಹೆಸರನ್ನೂ ಇಲ್ಲಿ ಬರೆಯಲ್ಲ, ನೀವೂ ಊಹಿಸಿ ಬರೀಬೇಡಿ. ನನಗೆ ಗೊತ್ತಾಗಬೇಕಾದ್ದು ಇಷ್ಟೇ. ಸರ್ಕಾರಕ್ಕೆ ಕೊಟ್ಟ ರಫ್ತು ಕಾಗದದ ಒಳಗಿನ ವಿಷಯ ಗುಟ್ಟಾಗಿ ಇಡಬೇಕು ಅಂತ ಕಾನೂನು ಇದೆಯಾ? ಇದ್ದರೆ ಅದು ಯಾರನ್ನು ಹಿಡಿಯುತ್ತೆ?

ಚಾರ್ಮಾಡಿ_ಮಂಜು

ಗುಟ್ಟು! ಕಾಫಿಯಲ್ಲಿ! ನಮ್ಮ ಕಡೆ ಒಬ್ಬರ ಮನೆ ಕಣದಲ್ಲಿ ಎಷ್ಟು ಮೂಟೆ ಒಣಗ್ತಿದೆ ಅಂತ ಅವರಿಗಿಂತ ಮೊದಲು ಹಾಲು ಹಾಕೋನಿಗೆ ಗೊತ್ತಿರುತ್ತೆ. ಹೊರದೇಶಕ್ಕೆ ಹೋಗೋ ಮೂಟೆ ಮೇಲೆ ಐಸಿಓ (ಅಂತರರಾಷ್ಟ್ರೀಯ ಕಾಫಿ ಸಂಸ್ಥೆ) ಮಾರ್ಕು ಹೊಡೀತಾರಲ್ಲ, ದೇಶದ ಸಂಖ್ಯೆ, ರಫ್ತುದಾರನ ಸಂಖ್ಯೆ, ಲಾಟಿನ ಸಂಖ್ಯೆ, ಅದನ್ನು ಓದೋಕೆ ಬಂದರೆ ಯಾರ ಮಾಲು ಅಂತ ಗೊತ್ತಾಯ್ತು. ಲೋಡಿನ ಜೊತೆ ಹೋಗೋ ಇನ್‌ವಾಯ್ಸಲ್ಲಿ ಮೌಲ್ಯ ಇರುತ್ತೆ, ಭಾಗಾಕಾರ ಮಾಡೋಕೆ ಏನು ಕಷ್ಟ. ಕಚೇರಿಯವರೇ ಕೊಟ್ಟಿರ್ತಾರೆ ಬಿಡಿ, ಅವರಿಗೂ ಮನೆ ಮಠ ಇದೆ.

ಬಿಳಿಹೂವು, ಸಕಲೇಶಪುರ

ಮಂಜು ಅವರೇ, ಮಾರ್ಕಿನಿಂದ ನನ್ನ ಹೆಸರು ಸಿಗುತ್ತೆ, ಒಪ್ಪಿದೆ. ಕೊಳ್ಳೋನ ಮೇಲ್ ವಿಳಾಸ ಮೂಟೆ ಮೇಲೆ ಇರಲ್ಲ.

ಹಳೇ ಫೈಲು, ಚಿಕ್ಕಮಗಳೂರು

ಕೇಂದ್ರ ಸರ್ಕಾರದಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಅದರಲ್ಲಿ ಬಹುಪಾಲು ಆಮದು-ರಫ್ತು ಲೈಸೆನ್ಸಿನ ಕಡತಗಳ ಜೊತೆಯೇ ಕಳೆದದ್ದು. ಹಾಗಾಗಿ 'ಅವರೇ ಕೊಟ್ಟಿರ್ತಾರೆ' ಅನ್ನೋ ಮಾತು ಸ್ವಲ್ಪ ಚುಚ್ಚುತ್ತೆ. ಕೊಡುವವರು ಇರಲಿಲ್ಲ ಅಂತ ನಾನೂ ಹೇಳಲಾರೆ.

ನಾನು ಸೇರಿದಾಗ ಇದ್ದದ್ದು 1947ರ ಆಮದು ರಫ್ತು ನಿಯಂತ್ರಣ ಕಾಯ್ದೆ. ಲೈಸೆನ್ಸ್ ಅನ್ನೋದು ಆಗ ಚಿನ್ನದ ತುಂಡು. ಅದು ಹೋಗಿ 1992ರಲ್ಲಿ ವಿದೇಶಿ ವ್ಯಾಪಾರ ಕಾಯ್ದೆ ಬಂತು, ಬಹಳಷ್ಟು ಸರಕಿಗೆ ಲೈಸೆನ್ಸೇ ಬೇಡವಾಯ್ತು. ಮೊದಲ ದಿನ ನನ್ನ ಸೆಕ್ಷನ್ ಆಫೀಸರ್ ನಿಯಮದ ಪುಸ್ತಕ ಕೊಡಲಿಲ್ಲ. ಎರಡು ವಿಷಯ ಹೇಳಿಕೊಟ್ಟರು. ಯಾರಾದರೂ ಬಾಗಿಲಲ್ಲಿ ಕಂಡರೆ ಮೇಜಿನ ಮೇಲಿನ ಫೈಲನ್ನು ಬೋರಲು ಹಾಕು. ಟೈಪ್ ಆದ ಮೇಲೆ ಕಾರ್ಬನ್ ಹಾಳೆಯನ್ನು ಬುಟ್ಟಿಗೆ ಹಾಕಬೇಡ, ನಾಲ್ಕು ಚೂರು ಮಾಡು. ಹೊಸ ಕಾರ್ಬನ್ ಒಂದೇ ಸಲ ಬಳಸಿದ್ದರೆ ಬೆಳಕಿಗೆ ಹಿಡಿದಾಗ ಪತ್ರವಿಡೀ ಓದಬಹುದಿತ್ತು. ಸಂಜೆ ಕಸ ಗುಡಿಸುವ ಹುಡುಗನಿಂದ ಆ ಹಾಳೆ ಕೊಂಡುಕೊಳ್ಳುವವರು ಹೊರಗೆ ಇರುತ್ತಿದ್ದರು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೇಂದ್ರ ನೌಕರರಿಗೆ 1964ರ ನಡತೆ ನಿಯಮಗಳಿವೆ. 3ನೇ ನಿಯಮ ಪ್ರಾಮಾಣಿಕತೆ, ಕರ್ತವ್ಯನಿಷ್ಠೆ ಎನ್ನುತ್ತದೆ. ನಿಮಗೆ ಬೇಕಾದ್ದು 11ನೇ ನಿಯಮ. ಅದಕ್ಕೆ ಎರಡು ಮುಖ. ಮಾಹಿತಿ ಹಕ್ಕಿನ ಕಾಯ್ದೆ ಪ್ರಕಾರ ಕೊಡಬೇಕಾದ ಮಾಹಿತಿಯನ್ನು ನೌಕರ ಸದ್ಭಾವನೆಯಿಂದ ಕೊಡಬೇಕು. ಅಧಿಕಾರ ಇಲ್ಲದವರಿಗೆ ಕಚೇರಿಯ ದಾಖಲೆಯನ್ನಾಗಲಿ ಅದರ ಒಂದು ಭಾಗವನ್ನಾಗಲಿ, ನೇರವಾಗಿಯೂ ಕೊಡಬಾರದು, ಸುತ್ತಿಬಳಸಿಯೂ ಕೊಡಬಾರದು. ಕೊಟ್ಟರೆ ಇಲಾಖಾ ವಿಚಾರಣೆ. 1923ರ ಅಧಿಕೃತ ರಹಸ್ಯ ಕಾಯ್ದೆ ಅಂತ ಹೆದರಿಸುವುದು ವಾಡಿಕೆ. ನಾನು ಕಂಡಂತೆ ದಿನನಿತ್ಯ ಕೆಲಸಕ್ಕೆ ಬರುತ್ತಿದ್ದದ್ದು ಈ 11ನೇ ನಿಯಮವೇ.

ಗಮನಿಸಿ, ಇದು ಹಿಡಿಯುವುದು ನೌಕರನನ್ನು ಮಾತ್ರ.

ಬೇಲೂರು ವಕೀಲೆ

ಹಳೇ ಫೈಲು ಅವರು ಹೇಳಿದ್ದು ಸರಿ, ಅದರ ಜೊತೆಗೆ ಇನ್ನೊಂದು ಇದೆ. ಕಸ್ಟಮ್ಸ್ ಕಾಯ್ದೆ 1962ಕ್ಕೆ 2022ರ ಹಣಕಾಸು ಕಾಯ್ದೆಯಲ್ಲಿ 135ಎಎ ಅಂತ ಹೊಸ ಸೆಕ್ಷನ್ ಸೇರಿಸಿದ್ದಾರೆ. ಆ ಕಾಯ್ದೆಯಡಿ ದಾಖಲಾದ ಆಮದು ರಫ್ತು ಸರಕಿನ ಮೌಲ್ಯ, ಪ್ರಮಾಣ, ವರ್ಗೀಕರಣ, ರಫ್ತುದಾರರ ವಿವರ, ಇವನ್ನು ಕಾನೂನಿನ ಅಗತ್ಯ ಇಲ್ಲದೆ ಅಥವಾ ಆ ರಫ್ತುದಾರರ ಒಪ್ಪಿಗೆ ಇಲ್ಲದೆ ಪ್ರಕಟಿಸಿದರೆ 6 ತಿಂಗಳವರೆಗೆ ಸೆರೆ, ಇಲ್ಲವೇ 50,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಇದು ಸರ್ಕಾರಿ ನೌಕರರಿಗೆ ಮಾತ್ರ ಅಂತ ಬರೆದಿಲ್ಲ, 'ವ್ಯಕ್ತಿ' ಅಂತಿದೆ. ಸರ್ಕಾರ ತಾನೇ ಹೊರಡಿಸೋ ಅಂಕಿಅಂಶಕ್ಕೆ ವಿನಾಯಿತಿ.

ಆದರೆ ಅದು ಕಸ್ಟಮ್ಸ್‌ಗೆ ಸಲ್ಲಿಸಿದ ವಿವರಕ್ಕೆ. ನಿಮ್ಮ ಸರಕು ಇನ್ನೂ ಬಂದರಿಗೇ ಹೋಗದಿದ್ದಾಗ ಸೋರಿದ ಒಪ್ಪಂದದ ಪುಟಕ್ಕೆ ಅದು ಹೊಂದುತ್ತಾ ಅನ್ನೋದು ವಾದದ ವಿಷಯ. ನಾನಾದರೆ ಅದನ್ನೊಂದನ್ನೇ ನಂಬಿ ಕೋರ್ಟಿಗೆ ಹೋಗಲ್ಲ.

ಎರಡೆಕರೆ ರೋಬಸ್ಟಾ, ಮೂಡಿಗೆರೆ

ಅಕ್ಕ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಬೇಜಾರು ಮಾಡ್ಕೋಬೇಡಿ, ನಾನು ಆ ಕಡೆ ದಡದಿಂದ ಮಾತಾಡ್ತೀನಿ.

ನಾನು ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರೋದು ಮನೆ ಬಾಗಿಲಲ್ಲಿ. ಬಂದೋನು ಮೂಟೆಗೆ ಇಷ್ಟು ಅಂತಾನೆ, ಔಟ್‌ಟರ್ನ್ (ಮೂಟೆಗೆ ಸಿಗೋ ಬೀಜದ ತೂಕ) ಇಷ್ಟು ಅಂತಾನೆ, ನಾನು ಹೂಂ ಅಂತೀನಿ. ಲಂಡನ್ ಮಾರುಕಟ್ಟೆ ರೇಟು ಮೊಬೈಲಲ್ಲಿ ಕಾಣುತ್ತೆ, ಆದರೆ ನನ್ನ ಮೂಟೆ ಹಡಗು ಹತ್ತಿದಾಗ ಅದಕ್ಕೆ ಏನು ಸಿಕ್ಕಿತು ಅಂತ ಇವತ್ತಿನವರೆಗೆ ಗೊತ್ತಿಲ್ಲ. ಎಲ್ಲರೂ 'ಬಿಸಿನೆಸ್ ಗುಟ್ಟು' ಅಂತಾರೆ. ಗುಟ್ಟಿನಿಂದ ಲಾಭ ಯಾರಿಗೆ? ನಮ್ಮಪ್ಪನ ಕಾಲದಲ್ಲಿ ಪೂಲ್ ಇತ್ತು. ಕಾಫಿಯೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಹಾಕಬೇಕಿತ್ತು, ದುಡ್ಡು ಕಂತು ಕಂತಾಗಿ ವರ್ಷಗಟ್ಟಲೆ ಬರೋದು. ಅದಕ್ಕೆ ಬೈದದ್ದು ಸಾಕಷ್ಟು. ಆದರೆ ಪಕ್ಕದ ತೋಟದವನಿಗೆ ಎಷ್ಟು ಬಂತು ಅನ್ನೋದು ಗುಟ್ಟಾಗಿರಲಿಲ್ಲ. 1996ರಲ್ಲಿ ಪೂರ್ತಿ ಮುಕ್ತ ಆಯ್ತು. ಒಳ್ಳೇದೇ ಆಯ್ತು. ಅವತ್ತಿಂದ ಗುಟ್ಟೂ ಶುರುವಾಯ್ತು.

ಬಿಳಿಹೂವು, ಸಕಲೇಶಪುರ

ತಮ್ಮಾ, ನನಗೆ ಕಾಫಿ ಕೊಡೋ ಆರೇಳು ಮನೆಯವರಿಗೆ ನಾನು ಒಪ್ಪಂದದ ರೇಟು ಹೇಳ್ತೀನಿ. ಹೇಳೋದು ಲೆಕ್ಕ ಮುಗಿದ ಮೇಲೆ. ದುಡ್ಡು ಬರೋ ಮೊದಲು ಹೇಳಿದರೆ ಈಗ ಆಗಿದೆಯಲ್ಲ, ಇದೇ ಆಗೋದು.

ಎರಡೆಕರೆ ರೋಬಸ್ಟಾ, ಮೂಡಿಗೆರೆ

ಹಂಗಾದರೆ ನಿಮ್ಮ ಮನೆ ಅಡ್ರೆಸ್ ಕೊಡಿ, ಮುಂದಿನ ವರ್ಷ ಅರೇಬಿಕಾ ಹಾಕ್ತೀನಿ :)

ಲೇತ್ ಮಾಸ್ತರು, ಹಾಸನ

ಕಾಫಿಯವರ ಮಧ್ಯೆ ಕಬ್ಬಿಣದವನು ಬರ್ತಾ ಇದೀನಿ. ಹಾಸನದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್. ವಾಲ್ವಿನ ಭಾಗಗಳು ಮಾಡ್ತೀವಿ. ಲೈಸೆನ್ಸ್, ಗುಟ್ಟು ಅನ್ನೋದು ನಮ್ಮ ಕಡೆ ಬೇರೆಯೇ ತರ.

ನಿಮಗೆಲ್ಲ ಸ್ಕೋಮೆಟ್ ಪಟ್ಟಿ ಗೊತ್ತಿರಲಿಕ್ಕಿಲ್ಲ. ವಿಶೇಷ ರಾಸಾಯನಿಕ, ಜೀವಿ, ಸಾಮಗ್ರಿ, ಉಪಕರಣ, ತಂತ್ರಜ್ಞಾನ, ಇವುಗಳ ಪಟ್ಟಿ. ಹೊಲಕ್ಕೂ ಬೇಕಾಗೋದು, ಬಾಂಬಿಗೂ ಬೇಕಾಗೋದು ಅಂತಾರಲ್ಲ, ಆ ತರದ ಸರಕು. ಅಣು ಸಂಬಂಧದ್ದಕ್ಕೆ ಅಣುಶಕ್ತಿ ಇಲಾಖೆ, ಯುದ್ಧ ಸಾಮಗ್ರಿಗೆ ರಕ್ಷಣಾ ಉತ್ಪಾದನಾ ಇಲಾಖೆ, ಉಳಿದದ್ದಕ್ಕೆ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಅನುಮತಿ ಕೊಡಬೇಕು. ಡಿಜಿಎಫ್‌ಟಿಗೆ ಹೋದ ಅರ್ಜಿಯನ್ನು ಹಲವು ಸಚಿವಾಲಯದವರು ಕೂತು ನೋಡ್ತಾರೆ. ಹಿಂದೆ 2005ರ ಸಮೂಹ ನಾಶಕ ಅಸ್ತ್ರಗಳ ಕಾಯ್ದೆ ನಿಂತಿರುತ್ತೆ.

ನನಗೆ ಗೊತ್ತೇ ಇರಲಿಲ್ಲ. ಹೊರದೇಶದ ಪಾರ್ಟಿಯಿಂದ ಒಂದು ಎನ್‌ಕ್ವೈರಿ ಬಂದಿತ್ತು, ತುಕ್ಕು ಹಿಡಿಯದ ವಿಶೇಷ ಮಿಶ್ರಲೋಹದ ವಾಲ್ವ್ ಬಾಡಿ. ಆಸಿಡ್ ಕೆಲಸಕ್ಕೆ ಅಂದರು. ಮಗ ಡ್ರಾಯಿಂಗ್ ತಯಾರು ಮಾಡಿ ಮೇಲ್ ಹಾಕೋಕೆ ಕೂತಿದ್ದ. ನಮ್ಮ ಹಳೇ ಗಿರಾಕಿಯೊಬ್ಬರು ಅದೇ ಹೊತ್ತಿಗೆ ಚಾ ಕುಡಿಯೋಕೆ ಬಂದವರು, ಪರದೆ ನೋಡಿ 'ತಡಿ ತಡಿ' ಅಂದರು. ಪಟ್ಟಿಯಲ್ಲಿರೋ ವಸ್ತುವಿನ ತಂತ್ರಜ್ಞಾನವನ್ನು ಹೊರದೇಶಕ್ಕೆ ಮೇಲ್ ಮಾಡಿದರೂ ಅದು ರಫ್ತೇ ಅಂತೆ! ಲಾರಿ ಹತ್ತಬೇಕಿಲ್ಲ, ಹಡಗು ಹತ್ತಬೇಕಿಲ್ಲ. ಮೌಸಿನ ಮೇಲಿದ್ದ ಮಗನ ಬೆರಳು ಅಲ್ಲೇ ನಿಂತಿತು. ಅಲ್ಲಿಂದ ತಾಂತ್ರಿಕ ವಿವರ, ಕೊನೆಗೆ ಬಳಸೋನು ಯಾರು, ಯಾಕೆ ಅಂತ ಅವನೇ ಸಹಿ ಮಾಡಿದ ಪ್ರಮಾಣಪತ್ರ, ಇದೆಲ್ಲ ಕೇಳಿದೆವು. ಪ್ರಮಾಣಪತ್ರ ಅಂದ ಕೂಡಲೇ ಆ ಪಾರ್ಟಿ ಮಾಯ. ಇವತ್ತಿಗೂ ಉತ್ತರ ಇಲ್ಲ.

ಯಾಕೆ ಹೇಳಿದೆ ಅಂದರೆ, ಇಂಥ ಅರ್ಜಿಯಲ್ಲಿ ನನ್ನ ಗಿರಾಕಿಯ ಡ್ರಾಯಿಂಗ್, ಅಳತೆ, ಲೋಹದ ಲೆಕ್ಕ ಎಲ್ಲ ಸರ್ಕಾರದ ಮುಂದೆ ಬಿಚ್ಚಿಡಬೇಕು. ಆ ಮೇಜಿನಿಂದ ಅದು ಹೊರಗೆ ಬರಲ್ಲ ಅನ್ನೋ ನಂಬಿಕೆ ಇಲ್ಲದಿದ್ದರೆ ಯಾರು ನಿಜ ಬರೀತಾರೆ? ಸುಳ್ಳು ಬರೀತಾರೆ, ಇಲ್ಲ ಅರ್ಜಿಯೇ ಹಾಕದೆ ಕಳಿಸ್ತಾರೆ.

ಕಡೂರು_ಟು_ಕ್ಯಾಲಿಫೋರ್ನಿಯಾ

ಮಾಸ್ತರ ಕೊನೆ ಮಾತಿಗೆ ಒಂದು ಸೇರಿಸ್ತೀನಿ. ಇಲ್ಲಿ ಅಮೆರಿಕದಲ್ಲಿ 2018ರ ರಫ್ತು ನಿಯಂತ್ರಣ ಸುಧಾರಣಾ ಕಾಯ್ದೆಯಲ್ಲೇ ಬರೆದಿದ್ದಾರೆ: ಲೈಸೆನ್ಸ್ ಅರ್ಜಿಗೆ ಕೊಟ್ಟ ಮಾಹಿತಿ ಗೋಪ್ಯ, ರಾಷ್ಟ್ರಹಿತಕ್ಕೆ ಬೇಕು ಅಂತ ತೀರ್ಮಾನ ಆಗದ ಹೊರತು ಹೊರಬಿಡುವಂತಿಲ್ಲ. ಮಾಹಿತಿ ಕೇಳೋ ಕಾನೂನಿನಿಂದಲೂ ಅದಕ್ಕೆ ವಿನಾಯಿತಿ. ಇನ್ನೊಂದು ತಮಾಷೆ, ಇಲ್ಲಿನ ಕೇಂದ್ರ ನೌಕರ ಒಬ್ಬರಿಂದ ಒಂದು ಸಲಕ್ಕೆ 20 ಡಾಲರ್, ವರ್ಷಕ್ಕೆ ಒಟ್ಟು 50 ಡಾಲರ್ ಮೀರಿದ ಉಡುಗೊರೆ ತಗೊಳ್ಳೋ ಹಾಗಿಲ್ಲ. ನಗದು ಅಂತೂ ಇಲ್ಲವೇ ಇಲ್ಲ.

ಚಾರ್ಮಾಡಿ_ಮಂಜು

20 ಡಾಲರಿಗೆ ನಮ್ಮಲ್ಲಿ ಏಲಕ್ಕಿ ಪೊಟ್ಟಣ ಬರುತ್ತೆ, ಅದೂ ಚಿಕ್ಕದು.

ಅಂದ ಹಾಗೆ ಯಾರೂ ಹೇಳಲಿಲ್ಲ ಅಂತ ನಾನೇ ಹೇಳ್ತೀನಿ. ಬಾಬಾಬುಡನ್ ಯೆಮೆನ್‌ನಿಂದ 7 ಬೀಜ ಬಚ್ಚಿಟ್ಟುಕೊಂಡು ತಂದರು ಅಂತ ಕತೆ. ಮೊಳಕೆ ಬರೋ ಬೀಜ ಹೊರಗೆ ಬಿಡ್ತಿರಲಿಲ್ಲವಂತೆ ಅರಬರು. ಅಂದರೆ ಚಂದ್ರದ್ರೋಣದಿಂದ ಹಿಡಿದು ನಮ್ಮ ಮನೆ ಹಿತ್ತಲವರೆಗೆ ಇರೋದೆಲ್ಲ ಲೈಸೆನ್ಸ್ ಇಲ್ಲದ ಮಾಲು. ನಾವು ಯಾವ ಬಾಯಲ್ಲಿ ರಫ್ತು ನಿಯಮ ಮಾತಾಡೋದು?

ಬೇಲೂರು ವಕೀಲೆ

ಚಿಕ್ಕಮಗಳೂರಿನವರು ಇರೋ ಯಾವ ಚರ್ಚೆಯಾದರೂ ಹತ್ತು ಮಾತಿನೊಳಗೆ ಬಾಬಾಬುಡನ್ ಬರಲೇಬೇಕು. ಈ ಸಲ ಸ್ವಲ್ಪ ತಡ ಆಯ್ತು.

ಹಳೇ ಫೈಲು, ಚಿಕ್ಕಮಗಳೂರು

ಉಡುಗೊರೆ ಮಾತು ಬಂದದ್ದಕ್ಕೆ. ನಮ್ಮಲ್ಲಿ ಅದು 13ನೇ ನಿಯಮ. 2019ರಲ್ಲಿ ಮಿತಿ ಏರಿಸಿದರು, ಗ್ರೂಪ್ ಎ ಮತ್ತು ಬಿಗೆ 5,000 ರೂಪಾಯಿ, ಗ್ರೂಪ್ ಸಿಗೆ 2,000. ಅದರ ಮೇಲಿನದಕ್ಕೆ ಸರ್ಕಾರದ ಮಂಜೂರಾತಿ ಬೇಕು. ಅಪರೂಪಕ್ಕೆ ಒಂದು ಊಟ, ದಾರಿಯಲ್ಲಿ ಕಾರಲ್ಲಿ ಹತ್ತಿಸಿಕೊಂಡದ್ದು, ಇವನ್ನು ಉಡುಗೊರೆ ಅನ್ನುವುದಿಲ್ಲ. ಆದರೆ ಕಚೇರಿಯಲ್ಲಿ ಕೆಲಸ ಇರುವವರಿಂದ ಅದ್ದೂರಿ ಆತಿಥ್ಯ, ಪದೇ ಪದೇ ಆತಿಥ್ಯ ಬೇಡ ಎನ್ನುತ್ತದೆ.

ಒಂದು ಸಲ ಮನೆಗೆ ಬಂದಾಗ ಜಗುಲಿಯಲ್ಲಿ ಕೊಡಗಿನ ಕಿತ್ತಳೆಯ ಬುಟ್ಟಿ. ಯಾರು ಇಟ್ಟರು ಅಂತ ಮನೆಯವಳಿಗೂ ಗೊತ್ತಿಲ್ಲ. ಬುಟ್ಟಿಯ ತಳದಲ್ಲಿ ಹಾಸಿದ್ದ ಹಾಳೆ ತೆಗೆದು ನೋಡಿದೆ. ಒಂದು ಕಂಪನಿಯ ಹಳೆಯ ಲೆಟರ್‌ಹೆಡ್. ಅವರ ಕಡತ ನನ್ನ ಮೇಜಿನಲ್ಲೇ ಇತ್ತು. ಮಾರನೇ ದಿನ ಬಸ್ಸಿಗೆ ಹಾಕಿ ವಾಪಸ್ ಕಳಿಸಿದೆ, ಲಗೇಜ್ ಚಾರ್ಜ್ ನನ್ನ ಕೈಯಿಂದ. ದೊಡ್ಡ ಮಗ ಎರಡು ಹಣ್ಣು ತಿಂದುಬಿಟ್ಟಿದ್ದ. ಎರಡು ಹಣ್ಣು ಪೇಟೆಯಲ್ಲಿ ಕೊಂಡು ತುಂಬಿಸಿ ಕಳಿಸಿದೆ. ಮನೆಯವಳು ಒಂದು ವಾರ ಮಾತಾಡಿಸಲಿಲ್ಲ.

ಇದನ್ನು ದೊಡ್ಡಸ್ತಿಕೆಗೆ ಹೇಳಿದ್ದಲ್ಲ. ಆ ಎರಡು ಹಣ್ಣು ತುಂಬಿಸದೆ ಕಳಿಸಿದ್ದರೆ 'ತಿಂದಿದ್ದಾನೆ' ಅಂತಲೇ ಸುದ್ದಿಯಾಗುತ್ತಿತ್ತು.

ಕೊಪ್ಪದ ಗೊರಬಲು

ಕಿತ್ತಳೆ ಕತೆ ಚೆನ್ನಾಗಿದೆ ಯಜಮಾನ್ರೇ. ನನ್ನ ಕತೆ ಬೇರೆ. ಮೆಣಸು ಕಳಿಸೋಕೆ ಹೋದಾಗ ಒಂದು ಕಡೆ, ಎಲ್ಲಿ ಅಂತ ಹೇಳಲ್ಲ, ಕಾಗದ ಹನ್ನೊಂದು ದಿನ ಕೂತಿತ್ತು. ಹನ್ನೆರಡನೇ ದಿನ ಹೊರಗಿನ ಒಬ್ಬ ಬಂದು 'ಸ್ಪೀಡ್ ಬೇಕಾ' ಅಂದ. ಯಾಕೆ ತಡ ಅಂತ ಒಳಗೆ ಕೇಳಿದರೆ 'ಅದೆಲ್ಲ ಗೋಪ್ಯ, ಹೇಳೋಕಾಗಲ್ಲ' ಅಂದರು. ನನ್ನದೇ ಕಾಗದ, ನನಗೇ ಗೋಪ್ಯ! ಲೋಕಾಯುಕ್ತಕ್ಕೆ ಕೊಡೋಣ ಅಂದುಕೊಂಡೆ, ಆಮೇಲೆ ಮಳೆ ಶುರುವಾಯ್ತು, ಬಿಟ್ಟೆ.

ಬೇಲೂರು ವಕೀಲೆ

ಇದನ್ನು ಬಿಡಿಸಿ ಹೇಳಬೇಕು.

ಡಿಜಿಎಫ್‌ಟಿ, ಕಸ್ಟಮ್ಸ್, ಕಾಫಿ ಬೋರ್ಡ್, ಸಂಬಾರ ಮಂಡಳಿ, ಇವೆಲ್ಲ ಕೇಂದ್ರದವು. ನಮ್ಮ ಲೋಕಾಯುಕ್ತ ರಾಜ್ಯದ ನೌಕರರಿಗೆ. ಕೇಂದ್ರದ ಕಚೇರಿಯ ದೂರು ಆ ಸಂಸ್ಥೆಯ ವಿಜಿಲೆನ್ಸ್ ಅಧಿಕಾರಿಗೆ, ಇಲ್ಲವೇ ದೆಹಲಿಯ ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು. ಹೆಸರು ಹೊರಬರಬಾರದು ಅಂದರೆ ಪಿಐಡಿಪಿಐ ಅಂತ, ಸಾರ್ವಜನಿಕ ಹಿತಕ್ಕೆ ಮಾಹಿತಿ ಕೊಡೋರನ್ನು ರಕ್ಷಿಸೋ 2004ರ ನಿರ್ಣಯ ಇದೆ. ಲಕೋಟೆ ಅಂಟಿಸಿ, ಮೇಲೆ ಆ ನಿರ್ಣಯದಡಿ ದೂರು ಅಂತ ಬರೆದು ಆಯೋಗದ ಕಾರ್ಯದರ್ಶಿಗೆ ಕಳಿಸೋದು. ದೂರು ಕೊಟ್ಟವರ ಹೆಸರನ್ನು ಆಯೋಗ ಗುಟ್ಟಾಗಿ ಇಡುತ್ತೆ. ಹೆಸರು ಹಾಕದೆ ಬರೆದರೆ ಮಾತ್ರ ತಗೊಳ್ಳಲ್ಲ, ಮೂಕರ್ಜಿಗೆ ಅಲ್ಲಿ ಬೆಲೆ ಇಲ್ಲ. ಹೆದ್ದಾರಿ ಕಾಮಗಾರಿಯ ಅಕ್ರಮ ಬರೆದು ತಿಳಿಸಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದರಲ್ಲ, ಆ ಗಲಾಟೆಯ ನಂತರ ಬಂದದ್ದು ಇದು.

ಸ್ಪೀಡ್ ದುಡ್ಡಿನ ಬಗ್ಗೆ ಎಚ್ಚರ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ತಿದ್ದಿದ ಮೇಲೆ ಕೊಟ್ಟೋನೂ ಅಪರಾಧಿ, 7 ವರ್ಷದವರೆಗೆ ಶಿಕ್ಷೆ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು, ಆಗ ಬಚಾವು. ಎಂಟನೇ ದಿನ ಹೋಗಿ ಅತ್ತರೆ ಆಗಲ್ಲ.

ಇನ್ನು 'ನಿನ್ನ ಕಾಗದ ನಿನಗೇ ಗೋಪ್ಯ' ಅನ್ನೋದು ಶುದ್ಧ ಉಡಾಫೆ. ಮಾಹಿತಿ ಹಕ್ಕಿನ 8(1)(ಡಿ) ಪ್ರಕಾರ ವಾಣಿಜ್ಯ ವಿಶ್ವಾಸ, ವ್ಯಾಪಾರದ ಗುಟ್ಟು, ಇವನ್ನು ಕೊಡದಿರಬಹುದು, ಅದೂ ಹೊರಬಿದ್ದರೆ ಪೈಪೋಟಿಯಲ್ಲಿ ಆ ವ್ಯಕ್ತಿಗೆ ಪೆಟ್ಟಾಗೋದಾದರೆ. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಲೂಬಹುದು. ಅದು ಬಿಳಿಹೂವು ಅವರ ಬೆಲೆಯನ್ನು ಬೇರೆಯವರಿಂದ ಕಾಯೋಕೆ ಇರೋದು. ನಿಮ್ಮ ಅರ್ಜಿ ಎಷ್ಟನೇ ತಾರೀಕು ಯಾರ ಮೇಜಿಗೆ ಹೋಯ್ತು, ಎಷ್ಟು ದಿನ ಕೂತಿತ್ತು, ಟಿಪ್ಪಣಿಯಲ್ಲಿ ಏನು ಬರೆದರು, ಇದನ್ನು ನಿಮ್ಮಿಂದ ಮುಚ್ಚಿಡೋಕೆ ಇರೋದಲ್ಲ. ನಿಮ್ಮ ಗುಟ್ಟಿನ ಮಾಹಿತಿಯನ್ನು ಬೇರೆ ಯಾರಾದರೂ ಕೇಳಿ, ಅಧಿಕಾರಿ ಕೊಡೋಣ ಅಂತ ಹೊರಟರೂ, ಸೆಕ್ಷನ್ 11ರಂತೆ 5 ದಿನದೊಳಗೆ ನಿಮಗೆ ನೋಟಿಸ್ ಕೊಡಬೇಕು, ಅದು ಕೈಗೆ ಬಂದ 10 ದಿನದೊಳಗೆ ನೀವು ತಕರಾರು ಹಾಕಬಹುದು. ಸರಿದಾರಿಯಲ್ಲಿ ಹೋದರೆ ನಿಮಗೆ ಗೊತ್ತಾಗದೆ ಕಾಗದ ಹೊರಬೀಳೋ ಹಾಗೇ ಇಲ್ಲ.

ಎರಡೆಕರೆ ರೋಬಸ್ಟಾ, ಮೂಡಿಗೆರೆ

ಮೇಡಂ, ಇದನ್ನೇ ನಾನು ಹೇಳೋಕೆ ಹೊರಟಿದ್ದು, ಬರೆಯೋಕೆ ಬರಲಿಲ್ಲ. ಒಳಗೆ ಬರೆದದ್ದು ಗುಟ್ಟಿರಲಿ. ಕಾಗದ ನಡೆದ ದಾರಿ ಯಾಕೆ ಗುಟ್ಟು? ನಮ್ಮೋರು ಉಲ್ಟಾ ಮಾಡ್ತಾರೆ. ಒಳಗಿನದ್ದು ಊರೆಲ್ಲ ಗೊತ್ತು, ಯಾವ ಮೇಜಲ್ಲಿ ಇದೆ ಅಂತ ದೇವರಿಗೂ ಗೊತ್ತಿಲ್ಲ.

ಇನ್ನೊಂದು ಡೌಟು. ಯುರೋಪಿನವರ ಕಾಡು ನಾಶದ ಕಾನೂನಿಗೆ ಅಂತ ನನ್ನ ತೋಟದ ಜಿಪಿಎಸ್ ತಗೊಂಡು ಹೋದರು. 2020ರ ಡಿಸೆಂಬರ್ 31ರ ಮೇಲೆ ಕಾಡು ಕಡಿದ ಜಾಗದ ಕಾಫಿ ಬೇಡ ಅಂತಾರಲ್ಲ, ಅದಕ್ಕೆ. 4 ಹೆಕ್ಟೇರ್ ಮೇಲಿದ್ದರೆ ಸುತ್ತ ಗಡಿ ನಡೆದು ಗೆರೆ ಎಳೀಬೇಕಂತೆ, ನನ್ನ ಎರಡೆಕರೆಗೆ ಒಂದು ಚುಕ್ಕೆ ಸಾಕು ಅಂದರು. ಬಂದ ಹುಡುಗ ಕಣದಲ್ಲಿ ನಿಂತು ಚುಕ್ಕೆ ಒತ್ತಿ, ಅದರ ಸ್ಕ್ರೀನ್‌ಶಾಟನ್ನು ಸರ್ವೆ ನಂಬರ್ ಸಮೇತ ನಲವತ್ತು ಜನ ಇರೋ ವಾಟ್ಸಾಪ್ ಗುಂಪಿಗೆ ಹಾಕಿದ. 'ಮುಗೀತು ಅಣ್ಣ' ಅಂದ. ಅದಕ್ಕೆ ಯಾವ ಸೆಕ್ಷನ್?

ಬೇಲೂರು ವಕೀಲೆ

ಅವನು ಸರ್ಕಾರಿ ನೌಕರನಾ, ಗುತ್ತಿಗೆಯವನಾ, ಕೊಳ್ಳೋರ ಕಡೆಯವನಾ ಅನ್ನೋದರ ಮೇಲೆ ಹೋಗುತ್ತೆ. ಮೂರಕ್ಕೂ ಮೂರು ಉತ್ತರ. ಗುತ್ತಿಗೆಯವನಾದರೆ ಅವನ ಕರಾರುಪತ್ರದಲ್ಲಿ ಗೋಪ್ಯತೆಯ ಸಾಲು ಇದೆಯಾ ನೋಡಬೇಕು. ಮೊದಲು ಆ ಫೋಟೋ ಅಳಿಸೋಕೆ ಹೇಳಿ.

ಬಿಳಿಹೂವು, ಸಕಲೇಶಪುರ

ಒಂದು ವಿಷಯ ನಾನೂ ಹೇಳಿಬಿಡಬೇಕು, ಆಮೇಲೆ ಯಾರೋ ಕಂಡುಹಿಡಿದು ಹೇಳೋದು ಬೇಡ. ಕಾಗದ ಹೋದ ಕಚೇರಿಗಳಲ್ಲಿ ಒಂದರಲ್ಲಿ ನಮ್ಮ ಭಾವ ಕೆಲಸ ಮಾಡ್ತಾರೆ, ಗಂಡನ ಅಣ್ಣ. ಬೇರೆ ವಿಭಾಗ. ನಾನು ಅವರಿಗೆ ಹೇಳಿಯೂ ಇಲ್ಲ, ಅವರು ಕೇಳಿಯೂ ಇಲ್ಲ. ಆದರೆ ಈಗ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡೋ ಹಾಗಾಗಿದೆ. ಊಟಕ್ಕೆ ಕೂತಾಗ ಅವರು ಬಂದರೆ ಮಾತು ನಿಲ್ಲುತ್ತೆ.

ಚಾರ್ಮಾಡಿ_ಮಂಜು

ಸಿಕ್ಕಿತಲ್ಲ.

ಹಳೇ ಫೈಲು, ಚಿಕ್ಕಮಗಳೂರು

ಮಂಜು, ಏನೂ ಸಿಕ್ಕಿಲ್ಲ. ಸುಮ್ಮನಿರಿ.

ಅಮ್ಮಾ, ನಡತೆ ನಿಯಮ 4ರಲ್ಲಿ ಇದಕ್ಕೊಂದು ಉಪನಿಯಮ ಇದೆ. ತನಗಾಗಲಿ ತನ್ನ ಕುಟುಂಬದವರಿಗಾಗಲಿ ಹಿತಾಸಕ್ತಿ ಇರುವ ವಿಷಯವನ್ನು ನೌಕರ ತಾನೇ ನಿರ್ವಹಿಸಬಾರದು, ಮೇಲಧಿಕಾರಿಗೆ ಒಪ್ಪಿಸಬೇಕು. 'ಕುಟುಂಬ' ಅಂದರೆ ಗಂಡ ಹೆಂಡತಿ, ಪೂರ್ತಿ ಅವಲಂಬಿತರಾದ ಮಕ್ಕಳು ಮತ್ತು ಬಂಧುಗಳು ಅಂತ ಅರ್ಥ ಬರೆದಿದೆ. ತಮ್ಮನ ಹೆಂಡತಿ ಅಕ್ಷರಶಃ ಅದರೊಳಗೆ ಬರುವುದಿಲ್ಲ. ಆದರೂ ನಮ್ಮ ಕಾಲದಲ್ಲಿ ಒಳ್ಳೆಯ ಅಧಿಕಾರಿಗಳು ಒಂದು ಸಾಲು ಬರೆದು ಫೈಲ್ ಪಕ್ಕದ ಮೇಜಿಗೆ ದಾಟಿಸುತ್ತಿದ್ದರು. ನಿಮ್ಮ ಭಾವನವರಿಗೆ ಹೇಳಿ, ತಮ್ಮನ ಮನೆಯವರು ರಫ್ತು ಮಾಡುತ್ತಾರೆ, ಅವರ ಕಡತ ನನ್ನ ಹತ್ತಿರ ಬಾರದಿರಲಿ ಅಂತ ಇವತ್ತೇ ಲಿಖಿತ ಕೊಡಲಿ. ನಾಳೆ ಅವರ ವರ್ಗಾವಣೆ ಆ ವಿಭಾಗಕ್ಕೇ ಆದರೂ ಆಗಬಹುದು.

ಈಗ ಆ ಫೋಟೋ. ಅದರಲ್ಲಿ ಏನೇನು ಕಾಣುತ್ತದೆ ಹೇಳಿ. ಸೀಲು, ಪಿನ್ನು, ಮಡಿಕೆ, ಕೈಬರಹ. ವಿಷಯ ಬೇಡ, ಕಾಗದದ ಮೈ ಮಾತ್ರ ಹೇಳಿ.

ಬಿಳಿಹೂವು, ಸಕಲೇಶಪುರ

ಜೂಮ್ ಮಾಡಿ ನೋಡ್ತಾ ಇದೀನಿ. ಎಡ ಮೂಲೆಯಲ್ಲಿ ಸ್ಟೇಪಲ್ ಕಿತ್ತ ಗುರುತು. ನಾಲ್ಕು ಮಡಿಕೆ ಮಡಚಿದ ಗೆರೆ. ಸೀಲು ಇಲ್ಲ. ಮೇಲೆ ಬಲಗಡೆ ಪೆನ್ಸಿಲಲ್ಲಿ ಒಂದು ಲಾರಿ ನಂಬರ್, ಕೆಎ 13 ಅಂತ ಶುರು, ಅದನ್ನು ಹೊಡೆದುಹಾಕಿ ಕೆಳಗೆ ಕೆಎ 46ರದ್ದು ಬರೆದಿದ್ದಾರೆ. ಪಕ್ಕದಲ್ಲಿ 320.

ಹಳೇ ಫೈಲು, ಚಿಕ್ಕಮಗಳೂರು

ನೀವು ಅರ್ಜಿ ಹಾಕಿದ್ದು ಆನ್‌ಲೈನಾ, ಕೈಯಲ್ಲಿ ಕೊಟ್ಟದ್ದಾ?

ಬಿಳಿಹೂವು, ಸಕಲೇಶಪುರ

ಆನ್‌ಲೈನ್. ಸ್ಕ್ಯಾನ್ ಮಾಡಿ ಹಾಕಿದ್ದು. ಕಚೇರಿಗೂ ಬ್ಯಾಂಕಿಗೂ ಕಾಗದ ಹೋಗೇ ಇಲ್ಲ.

ಅಯ್ಯೋ. ತಡೀರಿ.

ಲೇತ್ ಮಾಸ್ತರು, ಹಾಸನ

ಕೆಎ 13 ಹಾಸನದ ಗಾಡಿ, 46 ನಿಮ್ಮೂರ ಗಾಡಿ. ಲಾರಿ ಯಾವಾಗ ಬದಲಾಯ್ತು?

ಬಿಳಿಹೂವು, ಸಕಲೇಶಪುರ

ಬುಧವಾರ ರಾತ್ರಿ. ಶಿರಾಡಿಯಲ್ಲಿ ಗುಡ್ಡ ಜರಿದು ಹಾಸನದ ಗಾಡಿ ಮಂಗಳೂರು ಕಡೆಯಿಂದ ವಾಪಸ್ ಬರೋಕೆ ಆಗಲಿಲ್ಲ. ರಾತ್ರಿ ಹತ್ತು ಗಂಟೆಗೆ ಇಲ್ಲಿನದ್ದೊಂದು ಗೊತ್ತು ಮಾಡಿದ್ವಿ. ಕೆಎ 46ರ ನಂಬರ್ ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ. ಯಾವ ಕಚೇರಿಗೂ ಅದು ಹೋಗಿಲ್ಲ.

ಗುರುವಾರ ಬೆಳಿಗ್ಗೆ ಲೋಡಿಂಗ್ ಜಾಗದವರು 'ಪರ್ಮಿಟ್ಟಿನ ಒಂದು ಕಾಪಿ ಕೊಡಿ' ಅಂದರಂತೆ. ನಮ್ಮ ತೋಟದ ರೈಟರ್ (ಲೆಕ್ಕ ಬರೆಯೋನು) ಪೂರ್ತಿ ಸೆಟ್ ಜೆರಾಕ್ಸ್ ಮಾಡಿಸಿ ಕೊಟ್ಟುಬಿಟ್ಟಿದ್ದಾನೆ. ಪರ್ಮಿಟ್ ಪುಟ ಒಂದೇ ಸಾಕಿತ್ತು. ಈಗ ಫೋನ್ ಮಾಡಿ ಕೇಳಿದೆ. 'ಅಕ್ಕ, ಒಂದೇ ಪುಟ ಕೊಟ್ಟರೆ ಮತ್ತೆ ಕೇಳ್ತಾರೆ, ಮಳೆಯಲ್ಲಿ ಯಾರು ಓಡಾಡೋದು ಅಂತ ಎಲ್ಲ ಕೊಟ್ಟೆ' ಅಂದ. ಅವನಿಗೆ ಬೈಯೋಕೂ ಆಗಲಿಲ್ಲ. ಯಾವ ಪುಟ ಗುಟ್ಟು ಅಂತ ನಾನು ಯಾವತ್ತು ಅವನಿಗೆ ಹೇಳಿದ್ದೆ?

ಕೊಪ್ಪದ ಗೊರಬಲು

ಭಾವನಿಗೆ ಮೊದಲು ಫೋನ್ ಮಾಡಿ ಅಕ್ಕ.

ಬಿಳಿಹೂವು, ಸಕಲೇಶಪುರ

ಮಾಡಿದೆ. 'ನನಗೆ ಗೊತ್ತಿತ್ತು ನೀವೆಲ್ಲ ನನ್ನ ಮೇಲೆ ಅನುಮಾನ ಪಟ್ಟಿದ್ದು' ಅಂದರು. ಆಮೇಲೆ ನಾಳೆ ಕಳಲೆ ಪಲ್ಯಕ್ಕೆ ಬರ್ತೀನಿ ಅಂದರು. ಲಿಖಿತ ಕೊಡೋ ವಿಷಯಕ್ಕೆ 'ಎರಡು ವರ್ಷದ ಹಿಂದೆ ನೀನು ರಫ್ತು ಶುರು ಮಾಡಿದಾಗಲೇ ಕೊಟ್ಟಿದೀನಿ' ಅಂದರು. ನಮಗ್ಯಾರಿಗೂ ಹೇಳಿರಲಿಲ್ಲ.

ಚಾರ್ಮಾಡಿ_ಮಂಜು

ಸರಿ, ಈ ಸಲ ಕಚೇರಿ ಅಲ್ಲ. ಕೊಪ್ಪದವರ ಹನ್ನೊಂದು ದಿನಕ್ಕೆ ಉತ್ತರ ಇನ್ನೂ ಬಂದಿಲ್ಲ ಅನ್ನೋದು ನೆನಪಿರಲಿ.

ಬೇಲೂರು ವಕೀಲೆ

ಅದೂ ನಿಜ. ಗೊರಬಲು ಅವರೇ, 10 ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಮಾಹಿತಿ ಹಕ್ಕಿನ ಅರ್ಜಿ ಬರೀರಿ. ನನ್ನ ಅರ್ಜಿ ಯಾವ ದಿನ ಯಾರ ಬಳಿ ಇತ್ತು, ಟಿಪ್ಪಣಿ ಹಾಳೆಯ ಪ್ರತಿ ಕೊಡಿ ಅಂತ. ಎರಡು ಸಾಲು ಸಾಕು. 'ಯಾಕೆ' ಅಂತ ಕೇಳಬೇಡಿ, 'ಯಾಕೆ'ಗೆ ಅವರು ಉತ್ತರ ಕೊಡಬೇಕಿಲ್ಲ. ಇರೋ ದಾಖಲೆ ಕೇಳಿ.

ಬಿಳಿಹೂವು ಅವರೇ, ಲೋಡಿಂಗ್ ಜಾಗದವರು, ಟ್ರಾನ್ಸ್‌ಪೋರ್ಟಿನವರು, ಕ್ಲಿಯರಿಂಗ್ ಏಜೆಂಟರು, ಇವರ ಜೊತೆ ಒಂದು ಪುಟದ ಗೋಪ್ಯತಾ ಕರಾರು ಮಾಡ್ಕೊಳ್ಳಿ. 11ನೇ ನಿಯಮ ಅವರನ್ನು ಹಿಡಿಯಲ್ಲ. ನೀವೇ ಹಿಡೀಬೇಕು.

ಹಳೇ ಫೈಲು, ಚಿಕ್ಕಮಗಳೂರು

ಆ ಜೆರಾಕ್ಸ್ ಎಲ್ಲಿ ಮಾಡಿಸಿದ್ದು ಕೇಳಿದಿರಾ?

ಬಿಳಿಹೂವು, ಸಕಲೇಶಪುರ

ಪೇಟೆಯ ಅಂಗಡಿಯಲ್ಲಿ. ಇವತ್ತು ಮಧ್ಯಾಹ್ನ ನಾನೇ ಹೋಗಿದ್ದೆ. ಕೌಂಟರ್ ಪಕ್ಕ ಒಂದು ರಟ್ಟಿನ ಪೆಟ್ಟಿಗೆ. ಕಪ್ಪಾಗಿ ಬಂದದ್ದು, ಸೊಟ್ಟ ಬಂದದ್ದು, ಅರ್ಧ ಬಂದದ್ದು ಎಲ್ಲ ಅದರೊಳಗೆ. ಹಿಂದಿನ ಬದಿ ಖಾಲಿ ಇರುತ್ತಲ್ಲ, ಅದರಲ್ಲಿ ಬಿಲ್ ಬರೆದು ಕೊಡ್ತಾರೆ. ತಿರುವಿ ಹಾಕಿದೆ. ಆಧಾರ್ ಎಷ್ಟೋ, ಮಾರ್ಕ್ಸ್ ಕಾರ್ಡ್ ಎಷ್ಟೋ, ಒಂದು ಮದುವೆ ಜಾತಕ. ಕೆಳಗಡೆ ನನ್ನ ಒಪ್ಪಂದದ ಎರಡನೇ ಪುಟ, ಸ್ವಲ್ಪ ವಾರೆಯಾಗಿ ಬಂದದ್ದು, ಸಹಿ ಸಮೇತ. ಎರಡು ರೂಪಾಯಿ ಕೊಟ್ಟು ತಗೊಂಡು ಬಂದೆ. 'ವೇಸ್ಟ್ ಪೇಪರಿಗೆ ದುಡ್ಡು ಬೇಡ ಅಕ್ಕ' ಅಂದ ಹುಡುಗ.

ಎರಡೆಕರೆ ರೋಬಸ್ಟಾ, ಮೂಡಿಗೆರೆ

ಇದನ್ನು ಓದಿ ಈಗಷ್ಟೇ ತಂದ ಬೋಂಡದ ಪೊಟ್ಟಣ ಬಿಚ್ಚಿ ನೋಡಿದೆ. ಎಣ್ಣೆ ಹತ್ತಿದ್ದರೂ ಓದೋಕೆ ಬರುತ್ತೆ. ಯಾರದೋ ಪಹಣಿ. ಸರ್ವೆ ನಂಬರ್ ನಮ್ಮ ಹೋಬಳಿದೇ.